ಬೆಲ್ಲ ಬರೆದ ಪರೀಕ್ಷೆ

ಮೊಮ್ಮಗಳ ಏಳನೇ ಹುಟ್ಟುಹಬ್ಬದ ದಿನ. ಕೇಕು ಕತ್ತರಿಸಲು ಮಕ್ಕಳನ್ನು ಕರೆಯೋಣವೆಂದು ಹಿತ್ತಲಿಗೆ ಹೋದರೆ, ಬಂದಿದ್ದ ಹನ್ನೊಂದು ಮಕ್ಕಳೂ ಬೇಲಿಯ ಒಂದೇ ಮೂಲೆಯಲ್ಲಿ ಅಂಟಿಕೊಂಡು ನಿಂತಿದ್ದರು. ಅವರ ಮುಂದೆ ಗಿಡ್ಡ ಕಾಲಿನ, ಬೆಲ್ಲದ ಬಣ್ಣದ ನಾಯಿಯೊಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುತ್ತಿತ್ತು. ಒಬ್ಬ ಹುಡುಗ ತಪ್ಪಿಸಿಕೊಂಡು ಓಡಿದ. ನಾಯಿ ಬಾಣದಂತೆ ಹೋಗಿ ಅವನ ಹಿಮ್ಮಡಿಗೆ ಬಾಯಿ ಹಾಕಿತು. ಕಾಲುಚೀಲ ಹರಿಯಿತು, ಚರ್ಮ ಕೆಂಪಾಯಿತು, ಪುಣ್ಯಕ್ಕೆ ರಕ್ತ ಬರಲಿಲ್ಲ. ಹುಡುಗ ಅಳುತ್ತಾ ಮತ್ತೆ ಅದೇ ಮೂಲೆಗೆ ಹೋಗಿ ನಿಂತ. ನಾಯಿ ಕುಳಿತು, ನಾಲಿಗೆ ಚಾಚಿ, ಕೆಲಸ ಮುಗಿಯಿತು ಎನ್ನುವಂತೆ ನಮ್ಮ ಮುಖ ನೋಡಿತು.

ಅಂದು ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆ ಹುಡುಗನ ತಾಯಿ ಫೋನ್ ಮಾಡಿ, ಕೂಗಾಡದೆ, ಆದರೆ ಬಹಳ ಗಟ್ಟಿಯಾಗಿಯೇ ಮಾತಾಡಿದ್ದರು. ಮೂರನೆಯ ಸಲ ಇದು. ಬೀದಿಯಲ್ಲಿ ಸೈಕಲ್ ಬಿಡುವ ಮಕ್ಕಳ ಹಿಂದೆ ಓಡುವುದು, ಬೆಳಿಗ್ಗೆ ಓಟಕ್ಕೆ ಹೋಗುವವರ ಕಾಲಿಗೆ ಅಡ್ಡ ಬರುವುದು ಮೊದಲೇ ಇತ್ತು. “ಯಾರಿಗಾದರೂ ಕೊಟ್ಟುಬಿಡೋಣ” ಎಂದು ಅಳಿಯ ಹೇಳಿದ. ಮೊಮ್ಮಗಳು ನಾಯಿಯನ್ನು ತಬ್ಬಿಕೊಂಡು ಮೇಜಿನ ಕೆಳಗೆ ಸೇರಿಕೊಂಡಳು.

ನಾನು ರಾಣೆಬೆನ್ನೂರಿನ ಕಡೆಯವಳು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ನಾಯಿಯನ್ನು ಹೊಸ್ತಿಲೊಳಗೆ ಬಿಟ್ಟವಳಲ್ಲ. ಮಗಳ ಮನೆಗೆಂದು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದಾಗ ಸೋಫಾದ ಮೇಲೆ ಮಲಗಿದ್ದ ಈ ಬೆಲ್ಲ ನನ್ನನ್ನು ನೋಡಿ, ಜಾಗ ಬಿಡಲು ಒಪ್ಪದೆ, ಮತ್ತೆ ಕಣ್ಣು ಮುಚ್ಚಿತ್ತು. ಹಾಗಾಗಿ ನನಗೆ ಅದರ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಆದರೆ ಮೂಲೆಯಲ್ಲಿ ನಿಂತ ಹನ್ನೊಂದು ಮಕ್ಕಳನ್ನು ನೋಡಿದಾಗ ನನ್ನ ತಲೆಯಲ್ಲಿ ಒಂದು ಹಳೆಯ ಚಿತ್ರ ಸುಳಿಯಿತು. ನಮ್ಮಪ್ಪನ ಹೊಲದಲ್ಲಿ, ಜೋಳದ ಕೊಯ್ಲು ಮುಗಿದ ಮೇಲೆ, ಕುರುಬರು ಕುರಿಮಂದೆ ನಿಲ್ಲಿಸುತ್ತಿದ್ದ ಚಿತ್ರ. ಕುರಿಗಳು ಹೀಗೇ ಒತ್ತೊತ್ತಾಗಿ ನಿಲ್ಲುತ್ತಿದ್ದವು.

“ಇದು ಯಾವ ಜಾತಿಯ ನಾಯಿ?” ಎಂದು ಕೇಳಿದೆ.

“ಕೋರ್ಗಿ, ಅಜ್ಜಿ! ಇಂಗ್ಲೆಂಡಿನ ರಾಣಿಯ ನಾಯಿ!” ಎಂದು ಮೇಜಿನ ಕೆಳಗಿನಿಂದ ಉತ್ತರ ಬಂತು.

ರಾಣಿಯ ನಾಯಿ ನಿಜ. ಎಲಿಜಬೆತ್ ರಾಣಿಯ ತಂದೆ 1933ರಲ್ಲಿ ಮನೆಗೆ ಮೊದಲ ಕೋರ್ಗಿ ತಂದರು, ಅದರ ಹೆಸರು ಡೂಕಿ. 1944ರಲ್ಲಿ ಹದಿನೆಂಟು ತುಂಬಿದ ರಾಜಕುಮಾರಿಗೆ ಸೂಸನ್ ಎಂಬ ಕೋರ್ಗಿ ಉಡುಗೊರೆಯಾಗಿ ಸಿಕ್ಕಿತು. ಆಮೇಲೆ ರಾಣಿ ಸಾಕಿದ ಮೂವತ್ತಕ್ಕೂ ಹೆಚ್ಚು ಕೋರ್ಗಿಗಳಲ್ಲಿ ಬಹಳಷ್ಟು ಈ ಸೂಸನ್‌ನ ವಂಶದವೇ. ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡಲು ಬಂದವರ ಕಣಕಾಲಿಗೆ ಸೂಸನ್ ಬಾಯಿ ಹಾಕಿದ ಕತೆಯೂ ಉಂಟು. ಅರಮನೆಯಲ್ಲಿ ಬೆಳೆದರೂ ಕಾಲಿನ ಮೇಲಿನ ಕಣ್ಣು ಹೋಗಿರಲಿಲ್ಲ.

ಆದರೆ ಕೋರ್ಗಿ ಅರಮನೆಯಲ್ಲಿ ಹುಟ್ಟಿದ ನಾಯಿಯಲ್ಲ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಗುಡ್ಡಗಾಡಿನಲ್ಲಿ ರೈತರ ದನ ಅಟ್ಟುತ್ತಿದ್ದ ನಾಯಿ. ವೇಲ್ಸ್ ಭಾಷೆಯಲ್ಲಿ ‘ಕೋರ್’ ಎಂದರೆ ಕುಳ್ಳ, ‘ಗಿ’ ಎಂದರೆ ನಾಯಿ ಎಂದು ಅರ್ಥ ಹೇಳುತ್ತಾರೆ. ದನಗಳನ್ನು ಮುಂದೆ ಸಾಗಿಸಲು ಅದು ಹಿಂದಿನಿಂದ ಹೋಗಿ ಹಿಮ್ಮಡಿಗೆ ಮೆಲ್ಲನೆ ಕಚ್ಚುತ್ತದೆ. ದನ ಸಿಟ್ಟಿಗೆದ್ದು ಒದ್ದರೆ ಕಾಲು ಇದರ ತಲೆಯ ಮೇಲಿಂದ ಹಾದುಹೋಗುತ್ತದೆ. ಗಿಡ್ಡ ಕಾಲು ಇರುವುದು ಚೆಂದಕ್ಕಲ್ಲ, ಜೀವ ಉಳಿಸಿಕೊಳ್ಳುವುದಕ್ಕೆ!

ಮಗಳು ಇಷ್ಟನ್ನೂ ಓದಿ ಹೇಳಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ “ಇದಕ್ಕೊಂದು ಪರೀಕ್ಷೆಯೇ ಇದೆಯಂತೆ ಅಮ್ಮಾ” ಎಂದಳು.

ಪರೀಕ್ಷೆ ನಿಜವಾಗಿಯೂ ಇದೆ. ಮನೆಯಲ್ಲಿ ಬೆಳೆದು ಜನ್ಮದಲ್ಲಿ ಕುರಿಯನ್ನೇ ಕಾಣದ ನಾಯಿಯನ್ನು ಕುರಿಗಳ ಮುಂದೆ ನಿಲ್ಲಿಸಿ, ಮಂದೆ ಮೇಯಿಸುವ ಹುಟ್ಟುಗುಣ ಅದರಲ್ಲಿ ಉಳಿದಿದೆಯೇ ಎಂದು ನೋಡುವ ಪರೀಕ್ಷೆ. ಅಮೆರಿಕನ್ ಕೆನಲ್ ಕ್ಲಬ್ ಮುಂತಾದ ಸಂಸ್ಥೆಗಳ ನಿಯಮದಂತೆ ಅಲ್ಲಲ್ಲಿನ ಕುರಿ ಫಾರಂಗಳಲ್ಲಿ ನಡೆಸುತ್ತಾರೆ. ನಾಯಿಗೆ ಆರು ತಿಂಗಳಾದರೂ ತುಂಬಿರಬೇಕು. ಮೊದಲೇ ಯಾವ ತರಬೇತಿಯೂ ಬೇಡ. ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಕುಣಿದಾಡುತ್ತಿದ್ದರು, ಓದದೇ ಹೋಗಬೇಕಾದ ಪರೀಕ್ಷೆ!

“ಪಾಸಾದರೆ ಇಟ್ಟುಕೊಳ್ಳೋಣವಾ ಅಪ್ಪಾ?” ಎಂದು ಮೊಮ್ಮಗಳು ಕೇಳಿದಳು. ಅಳಿಯ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಕಾರು ಓಡಿಸಲು ಮಾತ್ರ ಒಪ್ಪಿದ.

ಶನಿವಾರ ಬೆಳಿಗ್ಗೆ ಎರಡು ಗಂಟೆ ಪ್ರಯಾಣ ಮಾಡಿ ಫಾರಂ ತಲುಪಿದೆವು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಕಾರಿನ ಬಾಗಿಲು ತೆಗೆದ ತಕ್ಷಣ ಕುರಿಯ ವಾಸನೆ ಮೂಗಿಗೆ ಬಡಿಯಿತು. ಎಂಟು ಸಾವಿರ ಮೈಲಿ ಆಚೆಗೂ ಕುರಿಯ ವಾಸನೆ ಅದೇ! ನನಗೆ ಕಣ್ಣು ತುಂಬಿ ಬಂತು, ಮೊಮ್ಮಗಳು ಮೂಗು ಮುಚ್ಚಿಕೊಂಡಳು. ಹತ್ತು ಹನ್ನೆರಡು ನಾಯಿಗಳು ತಮ್ಮ ಯಜಮಾನರ ಜೊತೆ ಕಾಯುತ್ತಿದ್ದವು. ನಮ್ಮೂರುಗಳಲ್ಲಿ ಅಲ್ಸೇಷಿಯನ್ ಎಂದು ಕರೆದು ಗೇಟಿಗೆ ಕಟ್ಟುತ್ತೇವಲ್ಲ, ಆ ಜರ್ಮನ್ ಶೆಫರ್ಡ್ ಕೂಡ ಇತ್ತು. ಅದರ ಹೆಸರಿನಲ್ಲೇ ಕುರುಬ ಇದ್ದಾನೆ. ನಾವು ಅದನ್ನು ಪೊಲೀಸ್ ನಾಯಿ ಎಂದುಕೊಂಡು ಮರೆತಿದ್ದೇವೆ. ಕರಿಯ ರಾಟ್‌ವೈಲರ್ ಒಂದಿತ್ತು, ಜರ್ಮನಿಯ ರಾಟ್‌ವೈಲ್ ಊರಿನ ಕಟುಕರ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಜಾತಿಯದು. ಮಂಜಿನಂತೆ ಬಿಳಿಯ ಸಮೋಯೆಡ್ ಇತ್ತು, ಅದರ ಹಿರಿಯರು ಸೈಬೀರಿಯಾದಲ್ಲಿ ಹಿಮಸಾರಂಗ ಕಾದವರು. ಇವರ ನಡುವೆ ನಮ್ಮ ಬೆಲ್ಲ, ನೆಲದಿಂದ ಒಂದು ಗೇಣು ಎತ್ತರ.

ಪರೀಕ್ಷಕಿ ನನ್ನ ವಯಸ್ಸಿನ ಹೆಂಗಸು. ತಲೆಗೆ ಟೋಪಿ, ಕಾಲಿಗೆ ಕೆಸರಿನ ಬೂಟು, ಕೈಯಲ್ಲಿ ಉದ್ದನೆಯ ಹಗುರ ಕೋಲು. ಆ ಕೋಲು ಹೊಡೆಯುವುದಕ್ಕಲ್ಲ, ನಾಯಿ ಮತ್ತು ಕುರಿಯ ನಡುವೆ ಗೆರೆ ಎಳೆದ ಹಾಗೆ ಹಿಡಿಯುವುದಕ್ಕೆ. ಅವರು ಮೊದಲು ಮಾತಾಡಿದ್ದು ನಾಯಿಯ ಬಗ್ಗೆ ಅಲ್ಲ, ಕುರಿಗಳ ಬಗ್ಗೆ. “ಇವು ಅನುಭವಸ್ಥ ಕುರಿಗಳು. ನಾಯಿ ಕಂಡರೆ ಗಾಬರಿಯಾಗುವುದಿಲ್ಲ. ಆದರೂ ನಿಮ್ಮ ನಾಯಿಗಿಂತ ನನಗೆ ಇವು ಮುಖ್ಯ. ನಾನು ನಿಲ್ಲಿಸು ಅಂದರೆ ನಿಲ್ಲಿಸಬೇಕು” ಎಂದರು. ಆ ಮಾತು ನನಗೆ ತುಂಬ ಹಿಡಿಸಿತು. ಕುರಿಯನ್ನು ನಾಯಿ ಮುಟ್ಟಬೇಕಾಗಿಯೇ ಇಲ್ಲ, ಬೆನ್ನಟ್ಟಿದರೇ ಸಾಕು, ಗಬ್ಬದ ಕುರಿ ಕಂದು ಹಾಕುತ್ತದೆ, ಕೆಲವು ಭಯಕ್ಕೇ ಸಾಯುತ್ತವೆ. ಬ್ರಿಟನ್ನಿನಲ್ಲಿ ಸಾಕುನಾಯಿ ಹೊಲದ ಕುರಿಗಳನ್ನು ಬೆನ್ನಟ್ಟಿದರೆ ಯಜಮಾನನಿಗೆ ಶಿಕ್ಷೆ ವಿಧಿಸಲು 1953ರಿಂದ ಕಾನೂನೇ ಇದೆ. ಮಕ್ಕಳೇ, ನಿಮ್ಮ ಮನೆಯ ಟಾಮಿಯನ್ನು ಯಾರದೋ ಕುರಿ ಹಿಂಡಿನ ಮೇಲೆ ಬಿಟ್ಟು ‘ಪರೀಕ್ಷೆ’ ಮಾಡಲು ಹೊರಟೀರಿ, ಜೋಕೆ!

ಮೊದಲ ಸರದಿ ಒಂದು ಬಾರ್ಡರ್ ಕೋಲಿಯದು. ಕುರಿ ಕಾಯುವ ನಾಯಿಗಳಲ್ಲೇ ಅದಕ್ಕೆ ಮೊದಲ ಪಟ್ಟ. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ ಬೆಳೆದ ತಳಿ, ಅದಕ್ಕೇ ಬಾರ್ಡರ್ ಎಂಬ ಹೆಸರು. 1893ರಲ್ಲಿ ನಾರ್ತಂಬರ್‌ಲೆಂಡಿನಲ್ಲಿ ಹುಟ್ಟಿದ ಹೆಂಪ್ ಎಂಬ ನಾಯಿ ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ. ಅದು ಬೊಗಳದೆ, ಕಚ್ಚದೆ, ಬರೀ ಕಣ್ಣಿನಿಂದ ದಿಟ್ಟಿಸಿಯೇ ಕುರಿಗಳನ್ನು ನಡೆಸುತ್ತಿತ್ತಂತೆ. ಅಂಥ ಮನೆತನದ ನಾಯಿ ಎಂದು ನಾವೆಲ್ಲ ಬೇಲಿಗೆ ಒರಗಿ ಕುತೂಹಲದಿಂದ ನೋಡಿದರೆ, ಅದು ಕುರಿಗಳ ಕಡೆ ತಿರುಗಿಯೂ ನೋಡದೆ ಹತ್ತು ನಿಮಿಷವೂ ಕುರಿಯ ಹಿಕ್ಕೆ ತಿನ್ನುತ್ತ ಕಾಲ ಕಳೆಯಿತು! ಯಜಮಾನ ನಾಚಿ ಕೆಂಪಾದ. ಪರೀಕ್ಷಕಿ ನಗಲಿಲ್ಲ. “ಇನ್ನೊಂದು ದಿನ ಬನ್ನಿ. ಕೆಲವು ನಾಯಿಗಳಿಗೆ ಮೊದಲ ದಿನ ಅರ್ಥವೇ ಆಗುವುದಿಲ್ಲ” ಎಂದರು. ನಮ್ಮಲ್ಲಿ ಒಂದೇ ಪರೀಕ್ಷೆಯಲ್ಲಿ ಮಕ್ಕಳ ಹಣೆಬರಹ ಬರೆದುಬಿಡುತ್ತೇವೆ ಎನ್ನುವುದು ನೆನಪಾಯಿತು. ಅದಿರಲಿ.

ಆ ಕರಿಯ ರಾಟ್‌ವೈಲರ್ ಒಳಗೆ ಹೋದಾಗ ನಾನು ಕಣ್ಣು ಮುಚ್ಚಿಕೊಳ್ಳುವುದೇ ಬಾಕಿ. ಅದು ನಿಧಾನವಾಗಿ, ಶ್ಯಾನುಭೋಗರು ನಡೆದ ಹಾಗೆ, ಕುರಿಗಳ ಹಿಂದೆ ನಡೆಯಿತು. ಒಂದು ಕುರಿ ನಿಂತು ಎದುರಾಯಿತು. ನಾಯಿಯೂ ನಿಂತಿತು. ಮುಂದಕ್ಕೆ ಬರಲೂ ಇಲ್ಲ, ಹಿಂದಕ್ಕೆ ಸರಿಯಲೂ ಇಲ್ಲ. ಕುರಿಯೇ ತಿರುಗಿ ನಡೆಯಿತು. ಇದಕ್ಕೆ ‘ಬಲ’ ಎನ್ನುತ್ತಾರಂತೆ.

ಕಾಯುವ ಹೊತ್ತಿನಲ್ಲಿ ಮೊಮ್ಮಗಳು ಒಳ್ಳೆಯ ಪ್ರಶ್ನೆ ಕೇಳಿದಳು. “ತೋಳ ಕುರಿ ತಿನ್ನುತ್ತೆ. ನಾಯಿ ತೋಳದ ನೆಂಟ. ಮತ್ತೆ ನಾಯಿ ಯಾಕೆ ತಿನ್ನಲ್ಲ?”

ಈ ಪ್ರಶ್ನೆಯಲ್ಲೇ ಇಡೀ ಗುಟ್ಟಿದೆ. ತೋಳ ಬೇಟೆಯಾಡುವಾಗ ಒಂದರ ಹಿಂದೆ ಒಂದು ಹೆಜ್ಜೆ ಇಡುತ್ತದೆ. ಮೊದಲು ಗುರುತಿಸುವುದು, ಆಮೇಲೆ ದಿಟ್ಟಿಸುವುದು, ಹೊಂಚುತ್ತ ಸಮೀಪಿಸುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಮನುಷ್ಯರು ನೂರಾರು ತಲೆಮಾರು ನಾಯಿಗಳನ್ನು ಆರಿಸಿ ಆರಿಸಿ ಸಾಕಿದಾಗ ಈ ಸರಪಳಿಯ ಕೊನೆಯ ಕೊಂಡಿಗಳು ಸವೆದುಹೋದವು, ಮೊದಲಿನವು ಇನ್ನಷ್ಟು ಗಟ್ಟಿಯಾದವು. ಬಾರ್ಡರ್ ಕೋಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಉಳಿದಿದೆ. ಕೋರ್ಗಿಯಲ್ಲಿ ದಿಟ್ಟಿ ಕಡಿಮೆ, ಅಟ್ಟುವುದು ಮತ್ತು ಹಿಮ್ಮಡಿಗೆ ಬಾಯಿ ಹಾಕುವುದು ಉಳಿದಿದೆ. ಡಾರ್ವಿನ್ 1859ರ ತಮ್ಮ ‘ಜೀವಿಗಳ ಉಗಮ’ ಗ್ರಂಥದಲ್ಲೇ ಇದನ್ನು ಗಮನಿಸಿದ್ದರು. ಕುರಿನಾಯಿಗಳ ಮರಿಗಳು ಮಂದೆಯ ಮೇಲೆ ನುಗ್ಗದೆ ಮಂದೆಯ ಸುತ್ತ ಓಡುವ ಗುಣ ಹುಟ್ಟಿನಿಂದಲೇ ಬರುತ್ತದೆ ಎಂದಿದ್ದರು.

ನಮ್ಮ ಕುರುಬರ ನಾಯಿಗಳ ಕತೆ ಬೇರೆ. ನಮ್ಮಪ್ಪನ ಹೊಲದಲ್ಲಿ ರಾತ್ರಿ ಮಂದೆ ನಿಂತಾಗ ನಾಯಿಗಳು ಕುರಿ ಅಟ್ಟುತ್ತಿರಲಿಲ್ಲ. ಕುರಿಗಳನ್ನು ನಡೆಸುತ್ತಿದ್ದುದು ಕುರುಬನ ಕೂಗು, ಸಿಳ್ಳೆ, ಕಂಬಳಿಯ ಬೀಸು. ನಾಯಿ ಹಗಲೆಲ್ಲ ನೆರಳಲ್ಲಿ ಮಲಗಿ ರಾತ್ರಿ ಎಚ್ಚರವಿದ್ದು ತೋಳಕ್ಕೆ ಎದುರು ನಿಲ್ಲುತ್ತಿತ್ತು. ಮರಿಯಿದ್ದಾಗಿಂದ ಕುರಿಗಳ ನಡುವೆಯೇ ಬೆಳೆದ ನಾಯಿ ಅದು, ಅದಕ್ಕೆ ಕುರಿಗಳೇ ಬಳಗ. ಅಟ್ಟುವ ಆಸೆಯೇ ಇಲ್ಲದ ನಾಯಿ ಆ ಕೆಲಸಕ್ಕೆ ಸರಿ. ನಮ್ಮ ಮುಧೋಳ ನಾಯಿಯೋ, ಕಣ್ಣಿಗೆ ಕಂಡ ಬೇಟೆಯನ್ನು ಗಾಳಿಯಂತೆ ಬೆನ್ನಟ್ಟುವುದು. ಮೂರು ನಾಯಿ, ಮೂರು ಕಸುಬು. ದೇವರಗುಡ್ಡದ ಜಾತ್ರೆಯಲ್ಲಿ ಗೊರವರು ಮೈಲಾರಲಿಂಗನ ನಾಯಿಗಳೆಂದು ಬೊಗಳುವುದನ್ನು ಚಿಕ್ಕಂದಿನಲ್ಲಿ ನೋಡಿ ನಾನು ಹೆದರಿದ್ದೆ. ಕುರಿ ಕಾಯುವವರ ದೇವರಿಗೆ ನಾಯಿ ಯಾಕೆ ಅಷ್ಟು ಹತ್ತಿರ ಎಂದು ಈಗ ಎಲ್ಲೋ ಕೂತು ಹೊಳೆಯಿತು.

“ಮುಂದಿನದು ಬೆಲ್ಲಾ!” ಎಂದು ಕೂಗಿದರು. ಹೆಸರು ಅವರ ಬಾಯಲ್ಲಿ ಬೇರೆಯೇ ಆಯಿತು.

ಬೆಲ್ಲನ ಕೊರಳಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಮಗಳು ಒಳಗೆ ಕರೆದೊಯ್ದಳು. ದುಂಡನೆಯ ಅಂಗಳದ ಆಚೆ ತುದಿಯಲ್ಲಿ ಐದು ಕುರಿಗಳು. ಬೆಲ್ಲ ನೆಲ ಮೂಸಿತು. ಬೇಲಿ ಮೂಸಿತು. ಬೇಲಿಯ ಈಚೆ ನಿಂತ ಮೊಮ್ಮಗಳ ಬಳಿ ಬಂದು ಬಾಲವಿಲ್ಲದ ಹಿಂಭಾಗವನ್ನೇ ಅಲ್ಲಾಡಿಸಿತು. ಒಂದು ನಿಮಿಷವಾಯಿತು, ಎರಡಾಯಿತು, ಮೂರಾಯಿತು. ಮೊಮ್ಮಗಳು ನನ್ನ ಸೆರಗಿನ ತುದಿಯನ್ನು ಹಿಂಡಿ ಹಗ್ಗ ಮಾಡಿದ್ದಳು. ಅಳಿಯ ಎಲ್ಲೋ ನೋಡುತ್ತಿದ್ದ. ಹನ್ನೊಂದು ಮಕ್ಕಳನ್ನು ಮೂಲೆಗೆ ತಳ್ಳಿದ ಶೂರ ಐದು ಕುರಿಗಳನ್ನು ಕಂಡು ಹೂ ಮೂಸುತ್ತಿದೆ! ಹಾಗಾದರೆ ಅದು ಮಂದೆ ಕಾಯುವ ಗುಣವಲ್ಲ, ಬರೀ ತುಂಟತನವೇ ಎಂದು ನನಗೂ ಅನ್ನಿಸಿತು.

ಪರೀಕ್ಷಕಿ ಏನೂ ಹೇಳದೆ ಕುರಿಗಳ ಹತ್ತಿರ ನಡೆದರು. ಕುರಿಗಳು ಮೆಲ್ಲನೆ ಓಡಿದವು. ಅಷ್ಟೇ. ಬೆಲ್ಲನ ಕಿವಿ ನೆಟ್ಟಗಾಯಿತು, ಬಾಯಿ ಮುಚ್ಚಿತು, ಮೈ ಇನ್ನೂ ಕೆಳಕ್ಕೆ ಇಳಿಯಿತು. ಆ ಮುಖ ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಸೋಫಾದ ಮೇಲಿನ ನಾಯಿಯ ಮುಖವಲ್ಲ ಅದು. “ಹಗ್ಗ ಬಿಡಿ” ಎಂದರು.

ಬೆಲ್ಲ ನೇರವಾಗಿ ನುಗ್ಗಲಿಲ್ಲ. ಬಿಲ್ಲಿನಂತೆ ಬಾಗಿ ಓಡಿತು. ಕುರಿಗಳ ಹಿಂದಕ್ಕೆ ಹೋಗಿ, ಪರೀಕ್ಷಕಿ ಒಂದು ಕಡೆ, ತಾನು ಇನ್ನೊಂದು ಕಡೆ, ನಡುವೆ ಕುರಿಗಳು ಇರುವಂತೆ ನಿಂತಿತು. ಗಡಿಯಾರ ನೆನಪಿಸಿಕೊಳ್ಳಿ. ಕುರುಬ 6ರ ಜಾಗದಲ್ಲಿದ್ದರೆ ನಾಯಿ 12ರ ಜಾಗದಲ್ಲಿರಬೇಕು. ಕುರುಬ 3ಕ್ಕೆ ಸರಿದರೆ ನಾಯಿ 9ಕ್ಕೆ. ಪರೀಕ್ಷಕಿ ಎಡಕ್ಕೆ ನಡೆದರೆ ಬೆಲ್ಲ ಎದುರಿನಲ್ಲಿ ಜಾಗ ಬದಲಿಸುತ್ತಿತ್ತು. ಯಾರೂ ಕಲಿಸಿರಲಿಲ್ಲ. ಕುರಿಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು ಸುತ್ತಲೂ ಕಾಣುತ್ತದೆ. ನಾಯಿ ಎಷ್ಟು ಹತ್ತಿರ ಬಂದರೆ ತಾನು ಕದಲಬೇಕು ಎಂಬ ಲೆಕ್ಕ ಅದಕ್ಕಿದೆ. ಆ ಅದೃಶ್ಯ ಗೆರೆಯ ಮೇಲೆ ನಾಯಿ ನಡೆದರೆ ಕುರಿ ನಡೆಯುತ್ತದೆ, ಗೆರೆ ದಾಟಿ ನುಗ್ಗಿದರೆ ಚದುರುತ್ತದೆ. ಬೆಲ್ಲ ಎರಡು ಸಲ ನುಗ್ಗಿತು, ಕುರಿಗಳು ಚೆಲ್ಲಾಪಿಲ್ಲಿಯಾದವು. ಕೋಲು ಅಡ್ಡ ಬಂತು. ಮೂರನೆಯ ಸಲ ತಾನೇ ದೂರ ಸರಿದು ಬಾಗಿ ಓಡಿತು.

ಹಿಂದುಳಿದ ಒಂದು ಕುರಿ ಗುಂಪು ಬಿಟ್ಟು ಬೇಲಿಯ ಕಡೆ ಓಡಿದಾಗ ನನ್ನ ಎದೆ ಢವಗುಟ್ಟಿತು. ಹುಟ್ಟುಹಬ್ಬದ ಹುಡುಗನೇ ಓಡಿದ ಹಾಗೆ. ಬೆಲ್ಲ ಹಿಂದೆ ಹೋಯಿತು, ಹಿಮ್ಮಡಿಗೆ ಬಾಯಿ ಹಾಕಿತು, ತಕ್ಷಣ ಬಿಟ್ಟಿತು. ಕುರಿ ತಿರುಗಿ ಗುಂಪು ಸೇರಿತು. ಬೆಲ್ಲ ಅದನ್ನು ಮತ್ತೆ ನೋಡಲೂ ಇಲ್ಲ. ಪರೀಕ್ಷಕಿ ಆ ಕುರಿಯನ್ನು ಹಿಡಿದು, ಕಾಲೆತ್ತಿ, ಉಣ್ಣೆ ಸರಿಸಿ ನೋಡಿ ಬಿಟ್ಟರು. “ಸಾಕು” ಎಂದರು. ಕುರಿನಾಯಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಮಾತುಗಳಲ್ಲಿ ಇದೇ ಕೊನೆಯದಂತೆ. ‘ಕಂ ಬೈ’ ಎಂದರೆ ಗಡಿಯಾರದ ಮುಳ್ಳಿನಂತೆ ಸುತ್ತು, ‘ಅವೇ’ ಎಂದರೆ ಅದಕ್ಕೆ ವಿರುದ್ಧ, ‘ದಟ್ಲ್ ಡೂ’ ಎಂದರೆ ಕೆಲಸ ಮುಗಿಯಿತು, ಬಾ. ವೇಲ್ಸಿನ ಬಾಲಾ ಎಂಬ ಊರಿನಲ್ಲಿ 1873ರಲ್ಲಿ ನಡೆದ ಕುರಿನಾಯಿ ಸ್ಪರ್ಧೆ ಬ್ರಿಟನ್ನಿನ ಇಂಥ ಸ್ಪರ್ಧೆಗಳಲ್ಲಿ ಮೊದಲಿನದೆಂದು ಹೆಸರಾಗಿದೆ. ಗೆದ್ದದ್ದು ಮಾತ್ರ ಸ್ಕಾಟ್ಲೆಂಡಿನವನೊಬ್ಬನ ಟ್ವೀಡ್ ಎಂಬ ನಾಯಿ, ವೇಲ್ಸಿನವರ ಮನೆಯಂಗಳದಲ್ಲೇ!

ಪರೀಕ್ಷಕಿ ಕೊಟ್ಟ ಹಾಳೆಯಲ್ಲಿ ಅಂಕಗಳಿರಲಿಲ್ಲ. ಪಾಸು ಅಥವಾ ನಪಾಸು, ಜೊತೆಗೆ ನಾಯಿಯ ಸ್ವಭಾವದ ಟಿಪ್ಪಣಿ. ಆಸಕ್ತಿ: ತಡವಾಗಿ ಬಂತು, ಬಂದ ಮೇಲೆ ಕಡೆಯವರೆಗೂ ಇತ್ತು. ಕಣ್ಣು: ಸಡಿಲ, ಎಂದರೆ ದಿಟ್ಟಿಸಿ ನಿಲ್ಲುವುದಿಲ್ಲ. ದನಿ: ಒತ್ತಾಯಕ್ಕೆ ಮಾತ್ರ ಬೊಗಳುತ್ತದೆ. ಹಿಡಿತ: ಒಮ್ಮೆ, ಹಿಮ್ಮಡಿಗೆ, ಗಾಯವಿಲ್ಲ. ಮಾತು ಕೇಳುವುದು: ಸುಧಾರಿಸಬಹುದು. (ಈ ಕೊನೆಯ ವಾಕ್ಯವನ್ನು ನಾನೂ ಎಷ್ಟು ಅಂಕಪಟ್ಟಿಗಳಲ್ಲಿ ಬರೆದಿದ್ದೇನೋ!) ಕೆಳಗೆ ಪಾಸು ಎಂದಿತ್ತು. ಮೊಮ್ಮಗಳು ಕುಣಿದಳು.

ಅಳಿಯ ಮಾತ್ರ ಹಾಳೆಯನ್ನು ಓದಿ, ನೇರವಾಗಿ ಕೇಳಿದ. “ಇದು ಹುಟ್ಟುಗುಣ ಸರಿ. ಆದರೆ ಆ ಹುಡುಗನ ಕಾಲು?” ನ್ಯಾಯವಾದ ಪ್ರಶ್ನೆ. ಪರೀಕ್ಷಕಿಯೂ ಹಾಗೆಯೇ ಅಂದರು. ಕಾರಣ ಗೊತ್ತಾದ ಮಾತ್ರಕ್ಕೆ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ. ಮಕ್ಕಳು ಗುಂಪಾಗಿ ಓಡಿ ಆಡುವಾಗ ಬೆಲ್ಲ ಒಳಗಿರಬೇಕು, ಇಲ್ಲವೇ ಹಗ್ಗದಲ್ಲಿರಬೇಕು. ಅದು ಹಿಂದೆ ಬಂದರೆ ಮಕ್ಕಳು ಓಡಬಾರದು, ಕೈ ಕಟ್ಟಿಕೊಂಡು ಮರದಂತೆ ನಿಲ್ಲಬೇಕು. ಓಡದ ಕುರಿಯನ್ನು ಅಟ್ಟುವುದು ಯಾವ ನಾಯಿಗೂ ಮಜವಲ್ಲ. ಮತ್ತು ದಿನಕ್ಕೆ ಒಂದಿಷ್ಟು ಹೊತ್ತು ಅದಕ್ಕೆ ಅದರದೇ ಕೆಲಸ ಕೊಡಬೇಕು. ಕುರಿ ಇಲ್ಲದವರಿಗೆಂದು ಜರ್ಮನಿಯಲ್ಲಿ ಶುರುವಾದ ಟ್ರೈಬಾಲ್ ಎಂಬ ಆಟವಿದೆ. ವ್ಯಾಯಾಮಕ್ಕೆ ಬಳಸುವ ದೊಡ್ಡ ಗಾಳಿಚೆಂಡುಗಳನ್ನು ನಾಯಿ ಮೂಗಿನಿಂದ ತಳ್ಳುತ್ತ ಯಜಮಾನನ ಬಳಿ ಗೋಲಿಗೆ ಸೇರಿಸುವ ಆಟ.

ವಾಪಸು ಬರುವಾಗ ದಾರಿಯಲ್ಲಿ ಅಳಿಯ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಹತ್ತು ನಿಮಿಷದ ಮೇಲೆ ನೀಲಿ ಬಣ್ಣದ ದೊಡ್ಡ ಚೆಂಡೊಂದನ್ನು ತಬ್ಬಿಕೊಂಡು ಬಂದ. ಯಾರೂ ಏನೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಲ ನನ್ನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಮೈಯೆಲ್ಲ ಕುರಿಯ ವಾಸನೆ. ನಾನು ತಳ್ಳಲಿಲ್ಲ.

ಊರಿಗೆ ಮರಳಿ ನಾಲ್ಕು ತಿಂಗಳಾದವು. ಹೋದ ಭಾನುವಾರ ಮೊಮ್ಮಗಳು ವಿಡಿಯೊ ಕಳಿಸಿದ್ದಾಳೆ. ಹುಟ್ಟುಹಬ್ಬದ ಆ ಹುಡುಗ ಮತ್ತೆ ಬಂದಿದ್ದಾನೆ, ಮೊಣಕಾಲಿನವರೆಗೆ ಮಳೆಯ ಬೂಟು ಹಾಕಿಕೊಂಡು. ಬೆಲ್ಲ ಉದ್ದನೆಯ ಹಗ್ಗದಲ್ಲಿ ಅವನ ಕಡೆ ಬಾಗಿ ಓಡುತ್ತದೆ. ಅವನು ಕೈ ಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ, ಮರದಂತೆ ನಿಲ್ಲುತ್ತಾನೆ. ಬೆಲ್ಲ ಒಂದು ಸುತ್ತು ಹಾಕುತ್ತದೆ, ಇನ್ನೊಂದು ಸುತ್ತು ಹಾಕುತ್ತದೆ, ಬೂಟು ಮೂಸುತ್ತದೆ, ಬೇಸರವಾಗಿ ನೀಲಿ ಚೆಂಡಿನ ಕಡೆ ಹೋಗುತ್ತದೆ. ಹುಡುಗ ಒಂದು ಕಣ್ಣು ಮಾತ್ರ ತೆರೆದು ಕ್ಯಾಮೆರಾ ಕಡೆ ನೋಡುತ್ತಾನೆ.